ಮುಜಾವರರು ಹಿಂದೆ ಸರಿದರೆ ಅಲಾಯಿ ದೇವರನ್ನು ಯಾರು ಕೂಡಿಸಬೇಕು?

ಎಡದೊರೆನಾಡು

ನಮ್ಮದು ಕೊಪ್ಪಳ ಜಿಲ್ಲೆಯ ಒಂದು ಹಳ್ಳಿ. ಊರ ನಡುವೆ ಮಸೂತಿ, ಮಸೂತಿಯ ಮುಂದೆ ಮೊಹರಂನಲ್ಲಿ ಬೆಂಕಿ ಹಾಕಿ ಸುತ್ತ ಹೆಜ್ಜೆ ಹಾಕುವ ಗುಂಡಿ, ಅಂದರೆ ಅಲಾಯಿ ಕುಣಿ, ಅಲ್ಲಿಂದ ಕೂಗಳತೆಯಲ್ಲಿ ಹನುಮಪ್ಪನ ಗುಡಿ. ದೀಪಾವಳಿಗೆ ಬಾರದ ಮಕ್ಕಳೂ ನಮ್ಮಲ್ಲಿ ಮೊಹರಂಗೆ ಬರುತ್ತಾರೆ. ಬೆಂಗಳೂರು, ಪುಣೆ, ಗೋವಾಗಳಿಗೆ ದುಡಿಯಲು ಹೋದವರು ಮೇಸ್ತ್ರಿಯ ಜೊತೆ ಜಗಳವಾಡಿಯಾದರೂ ಹಬ್ಬದ ಕೊನೆಯ ದಿನದ ಹಿಂದಿನ ರಾತ್ರಿ, ಅಂದರೆ ಕತಲ್ ರಾತ್ರಿಯ ಹೊತ್ತಿಗೆ ಊರು ಸೇರುತ್ತಾರೆ.

ಈ ಸಲ ಒಂದು ಇಕ್ಕಟ್ಟು ಬಂದಿದೆ. ಊರಿನಲ್ಲಿ ಮುಸ್ಲಿಂ ಮನೆಗಳು ಬೆರಳೆಣಿಕೆಯಷ್ಟು. ಮಸೂತಿಯ ಸೇವೆ ಮಾಡುವ ಮುಜಾವರರಾದ ಆ ಮನೆಗಳ ಹಿರಿಯರು ಊರ ಸಭೆಯಲ್ಲಿ ಎದ್ದು ನಿಂತು, ಇನ್ನು ಮುಂದೆ ತಾವು ಪಂಜಾ, ಅಂದರೆ ಅಲಾಯಿ ದೇವರೆಂದು ಕೂಡಿಸುವ ಲೋಹದ ಹಸ್ತ, ಕೂಡಿಸುವುದಿಲ್ಲ ಎಂದರು. ಇದು ನಮ್ಮ ಧರ್ಮದಲ್ಲಿಲ್ಲ ಎಂದು ಓದಿದ ಮಕ್ಕಳು ಹೇಳುತ್ತಿದ್ದಾರೆ, ಅವರ ಮಾತು ಮೀರಿ ನಡೆಯಲು ಮನಸ್ಸಿಲ್ಲ, ಮನೆಯಲ್ಲಿ ಫಾತಿಹಾ ಓದಿ ಸುಮ್ಮನಿರುತ್ತೇವೆ ಎಂದು ಬಹಳ ನೋವಿನಿಂದಲೇ ಹೇಳಿದರು. ಒಂದಷ್ಟು ಹುಡುಗರು, "ಅವರಿಗೇ ಬೇಡವಾದದ್ದು ನಮಗೇಕೆ, ಕುಣಿ ಮುಚ್ಚಿಬಿಡೋಣ" ಎಂದರು. ವಯಸ್ಸಾದವರಿಗೆ ಸಿಟ್ಟು ಬಂದಿತು. "ದೇವರು ಊರಿನದು, ಅವರು ಬಿಟ್ಟರೆ ನಾವು ಕೂಡಿಸುತ್ತೇವೆ" ಎಂದರು. ತೀರ್ಮಾನವಾಗಲಿಲ್ಲ. ಮುಂದಿನ ಅಮಾವಾಸ್ಯೆಗೆ ಮತ್ತೆ ಸಭೆ ಇದೆ.

ಹೊರಗಿನವರಿಗೆ ತಿಳಿಯಲೆಂದು ನಮ್ಮೂರ ಹಬ್ಬದ ಏರ್ಪಾಟನ್ನು ಹೇಳುತ್ತೇನೆ. ಚಂದ್ರ ಕಂಡ ದಿನ ಕುಣಿಗೆ ಗುದ್ದಲಿ ಹಾಕುವ ಹಕ್ಕು ವಾಲ್ಮೀಕಿ ಓಣಿಯ ಒಂದು ಮನೆತನದ್ದು. ಕುಣಿಯ ಬೆಂಕಿಗೆ ಮೊದಲ ಕೊರಡು ಬರುವುದು ಗೌಡರ ಹೊಲದಿಂದ. ಡೋಲಿ ಕಟ್ಟುವವರು ಬಡಿಗೇರರು. ಸವಾರಿ ಹೊರಟಾಗ ದಾರಿಗೆ ಮಡಿ ಹಾಸುವವರು ಅಗಸರು. ಹಲಗೆ ಮಾದಿಗರದು. ಸಕ್ಕರೆ ಓದಿಸುವುದು, ಊದು ಹಾಕುವುದು ಮುಜಾವರರದು. ಹರಕೆ ಹೊತ್ತ ಲಿಂಗಾಯತರ ಮನೆಯ ಹುಡುಗನೂ ಕೊರಳಿಗೆ ಹರಕೆಯ ದಾರವಾದ ಲಾಡಿ ಹಾಕಿಕೊಂಡು ಫಕೀರನಾಗುತ್ತಾನೆ. ಒಬ್ಬರು ತಮ್ಮ ಕೆಲಸ ಮಾಡದಿದ್ದರೆ ದೇವರು ಏಳುವುದಿಲ್ಲ.

ಒಬ್ಬರನ್ನೊಬ್ಬರು ಸಹಿಸಿಕೊಂಡು ಬದುಕುವುದು ಒಂದು ಮಟ್ಟದ ಬದುಕು. ಒಬ್ಬರಿಲ್ಲದೆ ಇನ್ನೊಬ್ಬರ ಹಬ್ಬವೇ ನಡೆಯದಂತೆ ಹೆಣೆದುಕೊಂಡಿರುವುದು ಅದಕ್ಕಿಂತ ಬಹಳ ಮೇಲಿನದು. ನಾನು ಈ ಊರಿನವನು ಎಂಬ ಭಾವ ನನಗೆ ಬಂದದ್ದು ಆ ಕುಣಿಯ ಸುತ್ತ ಹೆಜ್ಜೆ ಹಾಕಿದಾಗ. ಆದ್ದರಿಂದಲೇ ಈಗ ದಾರಿ ಕಾಣುತ್ತಿಲ್ಲ. ಮುಜಾವರರು ಹಿಂದೆ ಸರಿದ ಮೇಲೆ ಉಳಿದವರು ಪಂಜಾ ಎತ್ತುವುದು ಸರಿಯೇ? ತಿಳಿದವರು ಹೇಳಿ.

ಗೋಳಗುಮ್ಮಟದ ನೆರಳು

ಅಣ್ಣನವರೇ, ಇತಿಹಾಸದ ಕಡೆಯಿಂದ ಒಂದೆರಡು ಮಾತು. ಕ್ರಿ.ಶ. 680ರಲ್ಲಿ ಕರ್ಬಲಾದ ಬಯಲಿನಲ್ಲಿ ಪ್ರವಾದಿಯವರ ಮೊಮ್ಮಗ ಇಮಾಮ್ ಹುಸೇನರು ಖಲೀಫ ಯಜೀದನ ಸೈನ್ಯದ ಕೈಯಲ್ಲಿ ಹುತಾತ್ಮರಾದರು. ಮೊಹರಂನಲ್ಲಿ ನೆನೆಯುವುದು ಅದನ್ನೇ. ಆ ನೆನಪು ನಮ್ಮ ಸೀಮೆಯಲ್ಲಿ ಬೇರೂರಲು ದೊಡ್ಡ ಕಾರಣ ವಿಜಯಪುರದ ಆದಿಲಶಾಹಿಗಳು. 1490ರ ಸುಮಾರಿಗೆ ಆರಂಭವಾಗಿ 1686ರಲ್ಲಿ ಔರಂಗಜೇಬನ ಕೈಗೆ ಬಿದ್ದ ಆ ರಾಜ್ಯದ ಹಲವು ಸುಲ್ತಾನರು ಹುಸೇನರ ಸಾವನ್ನು ಶೋಕದಿಂದ ನೆನೆಯುವ ಶಿಯಾ ಪಂಥದವರು.

ಆದರೆ ಅರಸರ ಆಶ್ರಯ ಹೋಗಿ ಮುನ್ನೂರು ವರ್ಷ ದಾಟಿದರೂ ಹಬ್ಬ ಉಳಿದಿದೆಯಲ್ಲ, ಅದಕ್ಕೆ ಅರಸರು ಕಾರಣರಲ್ಲ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಂಗೆ ಸೇರುವ ಜನಸಾಗರ ನೋಡಿದವರಿಗೆ ಇದು ಗೊತ್ತು. ಸವದತ್ತಿ ತಾಲ್ಲೂಕಿನ ಹಿರೇಬಿದನೂರಿನಂತಹ ಊರುಗಳಲ್ಲಿ ಮುಸ್ಲಿಂ ಮನೆಯೇ ಇಲ್ಲದಿದ್ದರೂ ಮೊಹರಂ ನಡೆಯುತ್ತದೆ. ಹಾಗಾಗಿ ನಿಮ್ಮ ಹಿರಿಯರ ಮಾತಿಗೆ ಪೂರ್ವ ನಿದರ್ಶನ ಇದೆ.

ಇನ್ನೊಂದು ಸಂಗತಿ. ಇಸ್ಲಾಮಿನ ಚಾಂದ್ರಮಾನದ ಹಿಜರಿ ವರ್ಷ ಸೌರ ವರ್ಷಕ್ಕಿಂತ ಹತ್ತು ಹನ್ನೊಂದು ದಿನ ಚಿಕ್ಕದು. ಹೀಗಾಗಿ ಮೊಹರಂ ಪ್ರತಿ ವರ್ಷ ಹಿಂದೆ ಸರಿಯುತ್ತ ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. 2018ರಿಂದ 2020ರವರೆಗೆ ಅದು ಗಣೇಶ ಚತುರ್ಥಿಯ ಜೊತೆಗೇ ಬಂದಿತ್ತು. 2025ರಲ್ಲಿ ಜುಲೈ 6ಕ್ಕೆ, ಬಿತ್ತನೆ ಮುಗಿಯುವ ಹೊತ್ತಿಗೆ ಬಂದಿತು. ಮುಂಗಾರು ಹಬ್ಬಗಳ ಸಾಲಿನಲ್ಲಿ ಒಮ್ಮೆ, ಸುಗ್ಗಿಯ ಸಾಲಿನಲ್ಲಿ ಒಮ್ಮೆ ಕೂಡುವ ಈ ಹಬ್ಬವನ್ನು ನಮ್ಮ ರೈತರು ಕೈಬಿಡದೆ ಪಂಚಾಂಗದೊಳಗೆ ಸೇರಿಸಿಕೊಂಡದ್ದು ನನಗೆ ಇವತ್ತಿಗೂ ಬೆರಗಿನ ವಿಷಯ.

ಸಕ್ಕರೆ ಓದಿಸುವ ಮನೆ

ನಾನು ರಾಯಚೂರು ಜಿಲ್ಲೆಯ ಒಂದು ಮುಜಾವರ ಮನೆತನದವನು. ಈ ಪ್ರಶ್ನೆ ನಮ್ಮ ಮನೆಯೊಳಗೇ ಎದ್ದಿದೆ, ಆದ್ದರಿಂದ ಬರೆಯುತ್ತಿದ್ದೇನೆ.

ನನ್ನ ಅಜ್ಜ ಕೊನೆಯವರೆಗೂ ಮಸೂತಿಯ ಕಸ ಗುಡಿಸಿದರು, ಪಂಜಾಕ್ಕೆ ಹೊಳಪು ಕೊಟ್ಟರು, ಹಳ್ಳಿಯ ಹಾಡಿನವರಿಗೆ ಕರ್ಬಲಾದ ಕಥೆ ಹೇಳಿಕೊಟ್ಟರು. ಆ ಕಥೆ ಕೇಳಿ ಪದ ಕಟ್ಟುತ್ತಿದ್ದವರು ಕುರುಬರ ಓಣಿಯವರು. ನನ್ನ ಮಗ ಓದಿದ್ದು ಬೇರೆ. ಮೊಹರಂ ಹತ್ತರಂದು ಉಪವಾಸ ಮಾಡುವುದು ಸುನ್ನತ್ (ಪ್ರವಾದಿಯವರ ನಡೆ), ಲೋಹದ ಹಸ್ತಕ್ಕೆ ಹರಕೆ ಹೊರುವುದು ಶಿರ್ಕ್ (ದೇವರಿಗೆ ಸಮಾನರನ್ನು ಸೇರಿಸುವ ಪಾಪ) ಎಂದು ಅವನು ಆಧಾರ ಸಮೇತ ಹೇಳುತ್ತಾನೆ. ಅವನ ಓದು ಸುಳ್ಳೆಂದು ನಾನು ಹೇಗೆ ಹೇಳಲಿ? ನಂಬಿಕೆಯ ಮಾತಿನಲ್ಲಿ ಅವನಿಗೆ ತನ್ನ ದಾರಿ ಹಿಡಿಯುವ ಹಕ್ಕಿದೆ.

ಹಿಂದೆ ಸರಿಯುವವರನ್ನು ಊರು ಒಡೆಯುವವರು ಎಂದು ದಯವಿಟ್ಟು ನೋಡಬೇಡಿ. ಸೌಹಾರ್ದದ ಲೇಖನ ಬರೆಯುವವರಿಗೆ ನಾವು ಪಂಜಾ ಹಿಡಿದ ಫೋಟೊ ಬೇಕು. ನಮ್ಮ ಮಕ್ಕಳು ನಮಾಜಿಗೆ ಹೊರಟರೆ ಅದೇ ಜನ ಅನುಮಾನದಿಂದ ನೋಡುತ್ತಾರೆ. ನಿಮ್ಮ ಹಬ್ಬ ಮಾಡಿದರೆ ಒಳ್ಳೆಯ ಮುಸ್ಲಿಂ, ನಮ್ಮ ಪ್ರಾರ್ಥನೆ ಮಾಡಿದರೆ ಕಟ್ಟಾ ಮುಸ್ಲಿಂ ಎಂಬ ಅಳತೆಗೋಲು ಬಹಳ ನೋವು ಕೊಡುತ್ತದೆ.

ಇನಾಂ ಭೂಮಿಯ ಮಾತನ್ನೂ ಯಾರಾದರೂ ಎತ್ತಬೇಕು. ಮಸೂತಿಯ ಸೇವೆಗೆಂದು ಹಿಂದೆ ಹೊಲ ಬಿಟ್ಟಿದ್ದರು. ಇನಾಂ ರದ್ದಾದ ಮೇಲೆ ಅನೇಕ ಕಡೆ ಆ ಹೊಲ ಹೋಯಿತು, ಸೇವೆ ಮಾತ್ರ ನಮ್ಮ ಹೆಗಲ ಮೇಲೆ ಉಳಿಯಿತು. ಬಡ ಮುಜಾವರನ ಮಗ ಹೈದರಾಬಾದಿನಲ್ಲಿ ಗ್ಯಾರೇಜು ಸೇರಿದರೆ ಅದಕ್ಕೆ ಧರ್ಮದ ಬದಲಾವಣೆಯೊಂದೇ ಕಾರಣ ಎಂದು ತಿಳಿಯಬೇಡಿ.

ಅಲೀಪುರದ ಕಡೆಯವಳು

ಗೌರಿಬಿದನೂರು ತಾಲ್ಲೂಕಿನ ಅಲೀಪುರ ಶಿಯಾಗಳೇ ಹೆಚ್ಚಿರುವ ಊರು. ನಮ್ಮಲ್ಲಿ ಮೊಹರಂ ಶೋಕ. ಕಪ್ಪು ಬಟ್ಟೆ, ಶೋಕಸಭೆಯಾದ ಮಜ್ಲಿಸ್, ಶೋಕಗೀತೆಯಾದ ನೌಹಾ, ಎದೆ ಬಡಿದುಕೊಂಡು ಅಳುವ ಮಾತಮ್. ಆ ದಿನಗಳಲ್ಲಿ ಮದುವೆಯ ಮಾತೂ ಆಡುವುದಿಲ್ಲ. ಮದುವೆಯಾಗಿ ಉತ್ತರ ಕರ್ನಾಟಕಕ್ಕೆ ಬಂದು ಮೊದಲ ಸಲ ಹುಲಿವೇಷ, ಕರಡಿ ಸೋಗು, ಹಲಗೆಯ ಅಬ್ಬರ ಕಂಡಾಗ ನನಗೆ ಎದೆಗೆ ಚುಚ್ಚಿದಂತಾಯಿತು. ಇಮಾಮರ ಸಾವಿನ ದಿನ ಕುಣಿಯುವುದೇ ಎಂದು ಅತ್ತೆಯನ್ನು ಕೇಳಿದೆ.

ಅದೇ ರಾತ್ರಿ ಕರ್ಬಲಾದ ಕಥೆಯ ರಿವಾಯತ್ ಪದ ಹಾಡುವವರು ಬಂದರು. ನೀರಿಲ್ಲದೆ ಬಾಯಾರಿದ ಇಮಾಮರ ಕೂಸು ಅಸ್ಗರನ ಪದ ಹಾಡಿದಾಗ ಓಣಿಯ ಹೆಂಗಸರೆಲ್ಲ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅವರಲ್ಲಿ ಬಹುಪಾಲು ಮಂದಿ ಹಣೆಗೆ ವಿಭೂತಿ, ಕುಂಕುಮ ಇಟ್ಟವರು. ಸವಾರಿ ಬಂದಾಗ ದೇವರು ಹೊತ್ತವರ ಕಾಲಿಗೆ ಕೊಡಗಟ್ಟಲೆ ನೀರು ಸುರಿದರು. ಕರ್ಬಲಾದ ಬಳಿಯ ಫುರಾತ್ (ಯೂಫ್ರಟಿಸ್) ನದಿಯ ದಂಡೆಯಲ್ಲಿಯೇ ನೀರು ನಿರಾಕರಿಸಲ್ಪಟ್ಟವರಿಗೆ ಈ ಬಿಸಿಲು ಸೀಮೆಯ ಹೆಂಗಸರು ನೀರು ಕೊಡುತ್ತಿದ್ದಾರೆ ಎಂದೇ ನಾನು ಅದನ್ನು ಅರ್ಥಮಾಡಿಕೊಂಡೆ.

ಹುಲಿವೇಷವನ್ನು ನಾನು ಈಗಲೂ ಒಪ್ಪಿಲ್ಲ. ಆದರೆ ಅಳುವ ಹಕ್ಕು ನಮ್ಮೊಬ್ಬರದೇ ಎಂದು ವಾದಿಸುವುದಿಲ್ಲ.

ತಮಟೆ ಓಣಿ

ಎಲ್ಲರ ಮಾತೂ ಓದಿದೆ. ಮೂಲ ಬರಹದಲ್ಲಿ "ಹಲಗೆ ಮಾದಿಗರದು" ಎಂದು ಹಕ್ಕಿನ ಪಟ್ಟಿಯಲ್ಲಿ ಬರೆದಿದ್ದೀರಿ. ಗುದ್ದಲಿ ಹಾಕುವುದು ಹಕ್ಕಿರಬಹುದು, ಕೊರಡು ಕೊಡುವುದು ಮರ್ಯಾದೆ ಇರಬಹುದು. ಹಲಗೆ ಬಾರಿಸುವುದು ಹಕ್ಕೋ ಬಿಟ್ಟಿಯೋ ಎಂದು ನಮ್ಮ ಓಣಿಗೆ ಬಂದು ಕೇಳಿದ್ದೀರಾ? ರಾತ್ರಿಯಿಡೀ ಕುಣಿಯ ಸುತ್ತ ಬಾರಿಸಿದವನು ಬೆಳಿಗ್ಗೆ ಊಟಕ್ಕೆ ಎಲ್ಲಿ ಕೂರುತ್ತಾನೆ? ಮಸೂತಿಯ ಕಟ್ಟೆ ಏರುತ್ತಾನೆಯೇ? ಎದುರಿನ ಹನುಮಪ್ಪನ ಗುಡಿಯೊಳಗೆ ಹೋಗುತ್ತಾನೆಯೇ?

ಹಿಂದೂ ಮುಸ್ಲಿಂ ಒಂದಾಗಿದ್ದಾರೆ ಎಂದು ಹೇಳುವಾಗ ಹಿಂದೂ ಎಂಬ ಮಾತಿನೊಳಗೆ ನಮ್ಮನ್ನು ಸೇರಿಸುತ್ತೀರಿ. ಸಾಲು ಊಟದಲ್ಲಿ ಬೇರೆ ಕೂರಿಸುತ್ತೀರಿ. ಆಚರಣೆ ಗುರುತು ಕೊಡುತ್ತದೆ ಎಂಬುದು ನಿಜ, ನಮಗೂ ಕೊಟ್ಟಿದೆ. ಯಾವ ಗುರುತು ಎಂಬುದೇ ಪ್ರಶ್ನೆ. ದೇವದಾಸಿ ಪದ್ಧತಿಯೂ ಸಂಪ್ರದಾಯವೇ ಆಗಿತ್ತು. ಯಾರ ಮನೆಯ ಹೆಣ್ಣುಮಕ್ಕಳು ಮುತ್ತು ಕಟ್ಟಿಸಿಕೊಂಡರು ಎಂಬುದು ಈ ಸೀಮೆಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. 1982ರಲ್ಲಿ ಕಾನೂನು ಮಾಡಬೇಕಾಯಿತು.

ಎಷ್ಟೋ ಊರುಗಳಲ್ಲಿ ನಮ್ಮವರು ಹಲಗೆಯನ್ನು ಕೆಳಗಿಟ್ಟರು. ಅದಕ್ಕಾಗಿ ಬಹಿಷ್ಕಾರ ಅನುಭವಿಸಿದರು. ಮುಜಾವರರು ಬೇಡ ಎಂದಾಗ ಸಭೆ ಕರೆದು ನೋವಿನಿಂದ ಕೇಳುತ್ತೀರಿ. ನಾವು ಬೇಡ ಎಂದಿದ್ದರೆ ಆ ಸಭೆ ಹೇಗಿರುತ್ತಿತ್ತು?

ಎಡದೊರೆನಾಡು

ನಿಮ್ಮ ಪ್ರಶ್ನೆ ನ್ಯಾಯವಾದದ್ದು, ನೇರವಾಗಿಯೇ ಉತ್ತರಿಸುತ್ತೇನೆ. ಅಲಾಯಿಯ ದಿನಗಳಲ್ಲಿ ಮಸೂತಿಯ ಕಟ್ಟೆಗೆ ಎಲ್ಲರೂ ಏರುತ್ತಾರೆ, ಲಾಡಿ ಹಾಕಿದವರಿಗೆ ಜಾತಿ ಕೇಳುವುದಿಲ್ಲ. ಹಬ್ಬದ ಮರುದಿನ ಅದೇ ಹುಡುಗ ಹೋಟೆಲಿನ ಹೊರಗಿನ ಕಲ್ಲಿನ ಮೇಲೆ ಕೂರುವುದನ್ನು ನಾನು ಚಿಕ್ಕಂದಿನಲ್ಲಿ ಕಂಡಿದ್ದೇನೆ. ಈಗ ಹೋಟೆಲಿನಲ್ಲಿ ಆ ಕಲ್ಲು ಇಲ್ಲ, ಆದರೆ ಗುಡಿಯ ಹೊಸ್ತಿಲು ಇನ್ನೂ ಇದೆ. ಹಲಗೆಯವರಿಗೆ ಊರಿನಿಂದ ಕೊಡುವುದು ಒಂದು ಅಂಗವಸ್ತ್ರ, ಕಾಯಿ, ಒಂದಿಷ್ಟು ಜೋಳ. ಅದನ್ನು ಕೂಲಿ ಎನ್ನಲು ಬರುವುದಿಲ್ಲ.

ಕರಗದ ರಾತ್ರಿ

ಬೆಂಗಳೂರಿನ ಮಾತು ಸ್ವಲ್ಪ ಸೇರಿಸಲೇ? ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಚೈತ್ರ ಹುಣ್ಣಿಮೆಯ ರಾತ್ರಿ ಹೊರಡುವ ಕರಗ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗುತ್ತದೆ. 2022ರಲ್ಲಿ ಕೆಲವರು ದರ್ಗಾಕ್ಕೆ ಹೋಗಬಾರದು ಎಂದು ಒತ್ತಾಯಿಸಿದರು. ದೇವಸ್ಥಾನದವರು ಹಿಂದಿನ ಪದ್ಧತಿಯಂತೆಯೇ ನಡೆಯುತ್ತದೆ ಎಂದರು, ದರ್ಗಾದವರು ಸ್ವಾಗತಿಸಿದರು, ಕರಗ ಹೋಯಿತು.

ಅಲ್ಲಿ ತೀರ್ಮಾನಿಸಿದವರು ಕರಗ ಹೊರುವ ತಿಗಳರು ಮತ್ತು ದರ್ಗಾದವರು. ಬೀದಿಯಲ್ಲಿ ಕೂಗಿದವರಲ್ಲ, ಪತ್ರಿಕೆಯಲ್ಲಿ ಬರೆದವರೂ ಅಲ್ಲ. ನಿಮ್ಮೂರಿನಲ್ಲಿಯೂ ಕೆಲಸ ಮಾಡುವವರ ಮಾತೇ ಮೊದಲು ನಡೆಯಬೇಕು ಎಂಬುದು ನನ್ನ ಅಭಿಪ್ರಾಯ. ಕುಣಿ ಮುಚ್ಚಿ ಎನ್ನುವ ಹುಡುಗರು ಅಲಾಯಿಯಲ್ಲಿ ಯಾವ ಕೆಲಸ ಮಾಡುತ್ತಾರೆ ಎಂದು ಕೇಳಿ ನೋಡಿ.

ಪಡುಗಡಲ ತಡಿ

ಮೂಲ್ಕಿಯ ಬಪ್ಪನಾಡು ದುರ್ಗಾಪರಮೇಶ್ವರಿ ದೇವಸ್ಥಾನವನ್ನು ಕಟ್ಟಿಸಿದ್ದು ಬಪ್ಪ ಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿ ಎಂಬ ಐತಿಹ್ಯ ಎಲ್ಲರಿಗೂ ಗೊತ್ತು. ಆ ಮನೆತನಕ್ಕೆ ಜಾತ್ರೆಯಲ್ಲಿ ಪ್ರಸಾದ ಸಲ್ಲುತ್ತದೆ. 2022ರ ಮಾರ್ಚಿನಲ್ಲಿ ಅದೇ ಬಪ್ಪನಾಡು ಸೇರಿದಂತೆ ಕರಾವಳಿಯ ಹಲವು ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅವಕಾಶವಿಲ್ಲ ಎಂಬ ಫಲಕಗಳು ಕಾಣಿಸಿಕೊಂಡವು.

ಪ್ರಸಾದದ ಗೌರವ ಒಂದು ಕಡೆ, ಬಳೆ ಮಾರುವವನ ಹೊಟ್ಟೆಪಾಡು ಇನ್ನೊಂದು ಕಡೆ. ಜಾತ್ರೆ ಎಂದರೆ ಬಳೆಯಂಗಡಿ, ಮಿಠಾಯಿ, ಮಕ್ಕಳ ಆಟಿಕೆ, ಸಾಲ ಮಾಡಿ ಸರಕು ತಂದ ಸಣ್ಣ ವ್ಯಾಪಾರಿ. ಗರ್ಭಗುಡಿಯ ಮುಂದಿನ ಒಂದು ಗಳಿಗೆಯ ಗೌರವ ಬಯಲಿನ ವ್ಯಾಪಾರವನ್ನು ಕಾಪಾಡದೆ ಹೋದರೆ ಆ ಗೌರವಕ್ಕೆ ಎಷ್ಟು ತೂಕ? ತಮಟೆ ಓಣಿಯವರು ಕೇಳಿದ್ದೂ ಇದನ್ನೇ ಎಂದು ನನಗೆ ಅನ್ನಿಸುತ್ತದೆ. ಎಡದೊರೆನಾಡು ಅವರೇ, ಮುಜಾವರರು ಪಂಜಾ ಬಿಟ್ಟ ಮೇಲೆ ಊರ ಸಂತೆಯಲ್ಲಿ, ಹೊಲದ ಕೂಲಿಯಲ್ಲಿ, ಪಂಚಾಯಿತಿಯಲ್ಲಿ ಅವರ ಜಾಗ ಮೊದಲಿನಂತೆಯೇ ಇರುತ್ತದೆಯೇ? ಹಬ್ಬಕ್ಕಿಂತ ಅದನ್ನು ಮೊದಲು ನೋಡಿಕೊಳ್ಳಿ.

ಚೋಂಗ್ಯಾ

ಹೆಂಗಸರ ಕೆಲಸವನ್ನು ಇಲ್ಲಿ ಅಲೀಪುರದ ಅಕ್ಕ ಒಬ್ಬರೇ ನೆನೆದದ್ದು. ಬೆಲ್ಲದ ಚೋಂಗ್ಯಾ ಮಾಡುವವರು ಯಾರು? ಮಾಲ್ದಿ ಮುಟ್ಟಿಗೆ ಕಟ್ಟುವವರು ಯಾರು? ಮಗು ಉಳಿಯಲೆಂದು ಹರಕೆ ಹೊತ್ತು, ಉಳಿದ ಮಗುವಿಗೆ ಹುಸೇನಪ್ಪ, ಮೌಲಪ್ಪ, ಫಕೀರಪ್ಪ, ಹುಸೇನಮ್ಮ ಎಂದು ಹೆಸರಿಟ್ಟವರು ತಾಯಂದಿರು. ರಾಯಚೂರು, ಕೊಪ್ಪಳ, ಯಾದಗಿರಿಯ ಮತದಾರರ ಪಟ್ಟಿಯಲ್ಲಿ ಇಂತಹ ಹೆಸರಿನ ಹಿಂದೂಗಳು ಈಗಲೂ ಸಿಗುತ್ತಾರೆ. ನನ್ನ ಅಣ್ಣನ ಹೆಸರು ಹುಸೇನಪ್ಪ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವಾಗ ಆ ಹೆಸರು ಕೇಳಿಯೇ ಒಬ್ಬ ಮಾಲೀಕರು ಮನೆ ಇಲ್ಲ ಎಂದರು. ಅಣ್ಣನ ಮಗನಿಗೆ ಈಗ ಬೇರೆ ರೀತಿಯ ಹೆಸರು ಇಟ್ಟಿದ್ದಾರೆ. ಹಬ್ಬ ನಿಲ್ಲುವುದಕ್ಕಿಂತ ಮೊದಲೇ ಹೆಸರುಗಳು ನಿಲ್ಲುತ್ತಿವೆ.

ನನ್ನ ಅಭಿಪ್ರಾಯ ಕೇಳಿದರೆ, ಮುಜಾವರರ ಮನೆಗೆ ಹೆಂಗಸರನ್ನು ಕಳಿಸಿ. ಗಂಡಸರ ಸಭೆಯಲ್ಲಿ ಇದು ಬಗೆಹರಿಯುವುದಿಲ್ಲ. ಆ ಮನೆಯ ಹೆಂಗಸರಿಗೆ ಏನು ಬೇಕು ಎಂದು ಈವರೆಗೆ ಒಬ್ಬರಾದರೂ ಕೇಳಿದ್ದಾರೆಯೇ?

ಗೋಳಗುಮ್ಮಟದ ನೆರಳು

ಚೋಂಗ್ಯಾ ಅವರ ಮಾತು ಸರಿ. ನನ್ನ ಮೊದಲ ಬರಹಕ್ಕೆ ಒಂದು ಸೇರ್ಪಡೆ: ಮುಸ್ಲಿಮರಿಲ್ಲದ ಊರಿನಲ್ಲಿ ಹಬ್ಬ ನಡೆಸುವುದು ಬೇರೆ, ಮುಸ್ಲಿಮರಿರುವ ಊರಿನಲ್ಲಿ ಅವರು ಬೇಡವೆಂದ ಮೇಲೆ ಅವರ ಕಣ್ಣೆದುರು ನಡೆಸುವುದು ಬೇರೆ. ಎರಡನೆಯದಕ್ಕೆ ಮೊದಲನೆಯದು ನಿದರ್ಶನವಾಗದು.

ಎಡದೊರೆನಾಡು

ಎಲ್ಲರಿಗೂ ಋಣಿ. ಸಭೆಗೆ ಮುಂಚೆ ಮುಜಾವರರ ಮನೆಗೆ ಅವ್ವನನ್ನೂ ಚಿಕ್ಕಮ್ಮನನ್ನೂ ಕಳಿಸಿದ್ದೆವು. ಅಲ್ಲಿನ ಹಿರಿಯಕ್ಕ ಹೇಳಿದ ಮಾತು ಹೀಗಿದೆ: ಪಂಜಾದ ಮುಂದೆ ಕಾಯಿ ಒಡೆಯುವುದು, ಹರಕೆ ಹೊರುವುದು ತಮ್ಮ ಮಕ್ಕಳಿಗೆ ಒಪ್ಪಿಗೆಯಿಲ್ಲ, ಅದರಲ್ಲಿ ಅವರು ನಿಲ್ಲುವುದಿಲ್ಲ. ಹುಸೇನರ ಕಥೆ ಹೇಳುವುದಕ್ಕೆ, ಬಂದವರಿಗೆ ಶರಬತ್ತು ಕೊಡುವುದಕ್ಕೆ, ಅನ್ನ ಹಾಕುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಊರಿನವರು ದೇವರು ಕೂಡಿಸಿದರೆ ತಮ್ಮ ತಕರಾರಿಲ್ಲ, ಆದರೆ ಪಂಜಾ ಇಟ್ಟಿರುವ ಪೆಟ್ಟಿಗೆಯ ಬೀಗ ತೆಗೆಯಲು ತಮ್ಮನ್ನು ಕರೆಯಬಾರದು, ಬರಲಿಲ್ಲವೆಂದು ಆಡಿಕೊಳ್ಳಬಾರದು.

ಇದನ್ನು ಕೇಳಿದ ಮೇಲೆ ನನ್ನ ನಿಲುವು ಗಟ್ಟಿಯಾಗಿದೆ. ಪಾಲು ಎಂದರೆ ಬಿಡುವ ಸ್ವಾತಂತ್ರ್ಯವೂ ಸೇರಿದ ಪಾಲು. ಬಿಡಲು ಬಾರದ ಪಾಲು ಬಿಟ್ಟಿಯೇ. ಮುಜಾವರರಿಗೆ ಈ ಮಾತು ಸಲ್ಲುವುದಾದರೆ ಹಲಗೆಯವರಿಗೂ ಸಲ್ಲಬೇಕು. ಸಭೆಯಲ್ಲಿ ನಾನು ಇಡುವ ಬೇಡಿಕೆಗಳು ಇವು: ಪೆಟ್ಟಿಗೆಯ ಕೀಲಿಯನ್ನು ಮುಜಾವರರು ಒಪ್ಪಿದವರ ಕೈಗೇ ಕೊಡಬೇಕು. ಹಲಗೆ ಬಾರಿಸಲು ಒಪ್ಪುವವರಿಗೆ ಊರ ಪಟ್ಟಿಯ ಹಣದಿಂದ, ಪಟ್ಟಣದ ಬ್ಯಾಂಡಿನವರಿಗೆ ಕೊಡುವಷ್ಟೇ ಸಂಭಾವನೆ ಕೊಡಬೇಕು, ಒಪ್ಪದವರನ್ನು ಒತ್ತಾಯಿಸಬಾರದು. ದೇವರನ್ನು ಕಳಿಸುವ ದಫನದ ಮರುದಿನದ ಊಟ ಹನುಮಪ್ಪನ ಗುಡಿಯ ಅಂಗಳದಲ್ಲಿ, ಒಂದೇ ಸಾಲಿನಲ್ಲಿ ಆಗಬೇಕು. ಕೊನೆಯದಕ್ಕೆ ಗದ್ದಲವಾಗುತ್ತದೆ ಎಂದು ಗೊತ್ತಿದೆ.

ತಮಟೆ ಓಣಿ

ಗುಡಿಯ ಅಂಗಳ ಎಂದಿರಿ. ಒಳಗೆ?

ಎಡದೊರೆನಾಡು

ಒಳಗೂ. ಸಭೆಯಲ್ಲಿ ಅದನ್ನೂ ಹೇಳುತ್ತೇನೆ. ಅಂಗಳಕ್ಕೆ ಒಪ್ಪಿ ಒಳಗೆ ಬೇಡ ಎನ್ನುವವರು ಇದ್ದಾರೆ, ಅವರ ಹೆಸರು ನನಗೆ ಗೊತ್ತು, ಅವರಲ್ಲಿ ನಮ್ಮ ಸಂಬಂಧಿಕರೂ ಇದ್ದಾರೆ. ನೀವು ಹತ್ತಿರದವರಾದರೆ ಅಮಾವಾಸ್ಯೆಯ ಸಭೆಗೆ ಬನ್ನಿ.

ತಮಟೆ ಓಣಿ

ಬರುತ್ತೇನೆ. ನನ್ನ ತಮ್ಮನೂ ಬರುತ್ತಾನೆ, ಅವನು ಹಲಗೆಯನ್ನು ವೇದಿಕೆಯ ಮೇಲೆ ಬಾರಿಸುವವನು. ದುಡ್ಡು ಮತ್ತು ಮರ್ಯಾದೆ ಎರಡೂ ಸಿಕ್ಕರೆ ಕುಣಿಯ ಮುಂದೆಯೂ ಬಾರಿಸುತ್ತೇನೆ ಎನ್ನುತ್ತಾನೆ. ನಾನು ಬಾರಿಸುವುದಿಲ್ಲ, ಅದು ನನ್ನ ತೀರ್ಮಾನ.

ಸಕ್ಕರೆ ಓದಿಸುವ ಮನೆ

ಎಡದೊರೆನಾಡು ಅವರೇ, ನಿಮ್ಮೂರಿನ ರಿವಾಯತ್ ಪದಗಳನ್ನು ಯಾರಾದರೂ ಬರೆದಿಟ್ಟಿದ್ದಾರೆಯೇ? ನಮ್ಮ ಅಜ್ಜ ಹೇಳಿ ಬರೆಸಿದ ಒಂದು ನೋಟ್‌ಬುಕ್ಕು ನನ್ನಲ್ಲಿದೆ, ಕೆಲವು ಹಾಳೆಗಳನ್ನು ಗೆದ್ದಲು ತಿಂದಿದೆ. ಪಂಜಾ ಮುಟ್ಟದ ನನ್ನ ಮಗ ಅದನ್ನು ಮೊಬೈಲಿನಲ್ಲಿ ಚಿತ್ರ ತೆಗೆದು ಅಕ್ಷರ ಕೂಡಿಸುತ್ತಿದ್ದಾನೆ. ನಡುವೆ ಹುಸೇನರ ಅಣ್ಣನ ಮಗ ಕಾಸಿಮರ ಮದುವೆಯ ಪದದಲ್ಲಿ ಒಂದು ನುಡಿ ಪೂರ್ತಿ ಹೋಗಿದೆ. ನಿಮ್ಮೂರ ಹಾಡುಗಾರರಿಗೆ ಆ ಪದ ಬರುತ್ತಿದ್ದರೆ ಹಾಡಿಸಿ ಧ್ವನಿ ಕಳಿಸಿ, ಅವನು ಕೇಳಿ ತುಂಬಿಸಿಕೊಳ್ಳುತ್ತಾನೆ.

ಎಡದೊರೆನಾಡು

ಕುರುಬರ ಓಣಿಯ ಒಬ್ಬ ಅಜ್ಜನಿಗೆ ಬರುತ್ತದೆ. ಈಗ ಬಿತ್ತನೆಯ ಗಡಿಬಿಡಿಯಲ್ಲಿದ್ದಾನೆ, ಭಾನುವಾರ ಕೂರಿಸಿ ಹಾಡಿಸುತ್ತೇನೆ.